ವರತಿಯ ಗಸಿ

ಕೇರಿಯ ವರತಿ ನೀರು ಕುಡಿಯಲು ಯೋಗ್ಯವಾಗಿದೆ ಎಂದು ಮೂರು ಸಲ ಬರೆದುಕೊಟ್ಟರು.

ಮೊದಲ ಸಲ ಬರೆದುಕೊಟ್ಟಾಗ ಹಳ್ಳದಲ್ಲಿ ನೀರು ಕುಡಿದ ನಾಲ್ಕು ಆಡು ಸತ್ತಿದ್ದವು. ಎರಡನೆಯ ಸಲ ಬರೆದುಕೊಟ್ಟಾಗ ಚನ್ನಮ್ಮನ ಕೈಗೆ ನಡುಕ ಹತ್ತಿತ್ತು. ರೊಟ್ಟಿ ಬಡಿಯಲು ಕುಳಿತರೆ ಹಿಟ್ಟು ಪರಾತದ ಹೊರಗೆ ಬೀಳುತ್ತಿತ್ತು. ಮೂರನೆಯ ಕಾಗದ ಕೇರಿಗೆ ಬಂದದ್ದು ಚನ್ನಮ್ಮನನ್ನು ಮಣ್ಣು ಮಾಡಿ ಮೂರು ದಿನಕ್ಕೆ. ಅವಳಿಗೆ ಇಪ್ಪತ್ತೊಂಬತ್ತು ವರ್ಷ.

ಮೂರೂ ಕಾಗದಗಳ ಕೆಳಗೆ, ಪರೀಕ್ಷೆಗೆ ನೀರಿನ ನಮೂನೆ ತಂದವರು ಎಂಬ ಸಾಲಿನ ಮುಂದೆ, ಬೀರವ್ವನ ಸಹಿ ಇತ್ತು. ಬೀರವ್ವ ಅದೇ ಕೇರಿಯವಳು. ಸತ್ತ ಚನ್ನಮ್ಮ ಅವಳ ಮೈದುನನ ಹೆಂಡತಿ.

ಲಕ್ಷ್ಮೇಶ್ವರದಿಂದ ಶಿರಹಟ್ಟಿಗೆ ಹೋಗುವ ರಸ್ತೆಯ ಬದಿಯ ಊರು ಅದು. ಊರಿನ ನಲ್ಲಿಯ ಪೈಪು ಊರಬಾಗಿಲಾದ ಅಗಸಿಯ ತನಕ ಬಂದು ನಿಂತಿದೆ. ಅಗಸಿಯಿಂದ ಮುಂದೆ ಇಳಿಜಾರು, ಇಳಿಜಾರಿನ ಕೊನೆಗೆ ಕೇರಿ, ಕೇರಿಯ ಬೆನ್ನಿಗೆ ಹಳ್ಳ. ಪೈಪು ಯಾಕೆ ನಿಂತಿತು ಎಂದು ಕೇಳಲು ಹೋದವರಿಗೆ ಒತ್ತಡ ಸಾಲುವುದಿಲ್ಲ ಎಂಬ ಉತ್ತರ ಬಂತು. ನೀರು ಇಳಿಜಾರಿಗೆ ಹರಿಯುವುದಿಲ್ಲ ಎಂಬ ಮಾತನ್ನು ಕೇರಿಯ ಮಂದಿ ಅವತ್ತೇ ಮೊದಲು ಕೇಳಿದ್ದು. ಅವರಿಗೆ ವರತಿಯೇ ಗತಿ. ಹಳ್ಳದ ಉಸುಕಿನಲ್ಲಿ ಮೊಣಕಾಲುದ್ದ ತೋಡಿದರೆ ನೀರು ಒಸರುತ್ತದೆ. ಚರಿಗೆಯಿಂದ ಮೊಗೆದು ಮೊಗೆದು ಕೊಡ ತುಂಬಿಸಬೇಕು. ಬೇಸಿಗೆಯಲ್ಲಿ ಒಂದು ಕೊಡಕ್ಕೆ ಒಂದು ತಾಸು ನಡ ಬಗ್ಗಿಸಬೇಕು.

ಹಳ್ಳದ ಮೇಲ್ಗಡೆ ಉಳವಪ್ಪನ ಬ್ಯಾರಲ್ ಅಂಗಳ. ಉಳವಪ್ಪನಿಗೆ ಲಕ್ಷ್ಮೇಶ್ವರದ ಪೇಟೆಯಲ್ಲಿ ಗೊಬ್ಬರ, ಬೀಜ, ಬೆಳೆಗೆ ಹೊಡೆಯುವ ವಿಷದ ಅಂಗಡಿ ಇದೆ. ಆ ವಿಷಕ್ಕೆ ಈ ಕಡೆ ಎಣ್ಣೆ ಎನ್ನುತ್ತಾರೆ. ಸುತ್ತಲಿನ ನಾಲ್ಕು ತಾಲೂಕಿನಿಂದ ಎಣ್ಣೆಯ ಖಾಲಿ ಡಬ್ಬಿ, ಬ್ಯಾರಲ್ ಆ ಅಂಗಳಕ್ಕೆ ಬರುತ್ತವೆ. ಆಳುಗಳು ಅವನ್ನು ಸೋಡಾಪುಡಿ ಹಾಕಿ ತಿಕ್ಕಿ ತೊಳೆಯುತ್ತಾರೆ. ತೊಳೆದ ನೀರು ಹಾಲಿನ ಹಾಗೆ ಬೆಳ್ಳಗೆ ಹರಿದು ಹಳ್ಳಕ್ಕೆ ಇಳಿಯುತ್ತದೆ. ನೂರು ಮಾರು ದಾಟುವುದರೊಳಗೆ ಆ ಬಿಳುಪು ಕೆಸರಿನಲ್ಲಿ ಅಡಗಿಹೋಗುತ್ತದೆ. ಬ್ಯಾರಲ್ಲುಗಳಿಗೆ ನೀಲಿ ಬಣ್ಣ ಬಳಿದು ನೀರಿನ ಬ್ಯಾರಲ್ ಎಂದು ಗದಗು, ಮುಂಡರಗಿಯ ಸಂತೆಗೆ ಕಳಿಸುತ್ತಾರೆ.

ವರತಿ ನೀರು ಪರೀಕ್ಷೆ ಮಾಡಿ ಕಾಗದ ಕೊಟ್ಟ ಲ್ಯಾಬು ಗದಗಿನಲ್ಲಿದೆ, ಒಂದು ಕಾಳಿನ ಅಂಗಡಿಯ ಮೇಲಿನ ಎರಡನೆಯ ಮಹಡಿಯಲ್ಲಿ. ಅದರ ಒಡೆಯ ವೀರು. ವೀರು ಉಳವಪ್ಪನ ತಂಗಿಯ ಮಗ. ಮಾವನ ಬ್ಯಾರಲ್ಲು, ಅಳಿಯನ ಬಾಟಲಿ. ಇದು ಊರಿಗೆಲ್ಲ ಗೊತ್ತಿತ್ತು. ಮೇಲಿನ ಕಚೇರಿಗೂ ಗೊತ್ತಿತ್ತು. ಗೊತ್ತಿದ್ದರೆ ಏನಾಯಿತು?

ಬೀರವ್ವನನ್ನು ಲ್ಯಾಬಿಗೆ ತೆಗೆದುಕೊಂಡದ್ದು ಬಾಟಲಿ ತೊಳೆಯಲು. ಏಳನೆಯ ಇಯತ್ತೆ ತನಕ ಶಾಲೆ ಕಲಿತಿದ್ದಳು. ಚೀಟಿಯ ಮೇಲಿನ ನಂಬರು ಓದಲು ಬರುತ್ತಿತ್ತು, ಸಹಿ ಹಾಕಲು ಬರುತ್ತಿತ್ತು. ಅಷ್ಟು ಸಾಕಾಗಿತ್ತು. ಒಂದು ತಿಂಗಳು ತೊಳೆದಳು. ಎರಡನೆಯ ತಿಂಗಳಿಗೆ ಕುಲುಕುವ ಕೆಲಸವೂ ಅವಳ ಕೈಗೆ ಬಂತು.

ನೀರಿನಲ್ಲಿ ಎಣ್ಣೆಯಂಥ ವಿಷ ಎಷ್ಟಿದೆ ಎಂದು ಮಶೀನು ಹೇಳಬೇಕಾದರೆ, ಮೊದಲು ಆ ವಿಷವನ್ನು ನೀರಿನಿಂದ ಹೊರಗೆ ಎಳೆಯಬೇಕು. ಅದಕ್ಕೊಂದು ಗಾಜಿನ ಪಾತ್ರೆ. ಹೊಟ್ಟೆ ದಪ್ಪ, ಮೇಲೆ ಬಿರಡೆ, ಬುಡದಲ್ಲಿ ತಿರುವುವ ನಳ. ಅದರೊಳಗೆ ನೀರು ಹಾಕಿ, ಮೇಲೆ ಸಾಲ್ವೆಂಟ್ ಎಂಬ ದ್ರಾವಕ ಹಾಕಿ, ಎರಡೂ ಕೈಯಿಂದ ಹಿಡಿದು ಕುಲುಕಬೇಕು. ಸಾಲ್ವೆಂಟ್ ನೀರಿನಲ್ಲಿ ಬೆರೆಯುವುದಿಲ್ಲ. ವಿಷವನ್ನು ಮಾತ್ರ ತನ್ನ ಕಡೆ ಎಳೆದುಕೊಂಡು ಕೆಳಗೆ ಇಳಿಯುತ್ತದೆ. ಆಗ ನಳ ತಿರುವಿ ಅದನ್ನಷ್ಟೇ ಬಿಟ್ಟುಕೊಳ್ಳಬೇಕು. ಒಂದು ನಮೂನೆಗೆ ಮೂರು ಸಲ. ದಿನಕ್ಕೆ ಹನ್ನೆರಡು, ಹದಿನಾಲ್ಕು ನಮೂನೆ. ಕುಲುಕುವಾಗ ಒಳಗೆ ಗಾಳಿ ಕಟ್ಟುತ್ತದೆ. ಪಾತ್ರೆ ಬೋರಲು ಮಾಡಿ ನಳ ಬಿಟ್ಟರೆ ಹಾವು ಬುಸುಗುಟ್ಟಿದ ಹಾಗೆ ಸದ್ದು. ಆ ಗಾಳಿ ನೇರ ಮೂಗಿಗೆ. ಸಿಹಿ ವಾಸನೆ. ಮಧ್ಯಾಹ್ನದ ಹೊತ್ತಿಗೆ ತಲೆ ಸಿಡಿಯುತ್ತಿತ್ತು. ಸಾಲ್ವೆಂಟ್ ಬಿದ್ದಲ್ಲಿ ಬೆರಳು ಐಸಿನ ಹಾಗೆ ತಣ್ಣಗಾಗಿ, ಆಮೇಲೆ ಉರಿದು, ಆಮೇಲೆ ತೊಗಲು ಸುಲಿದು ಬೆಳ್ಳಗಾಗುತ್ತಿತ್ತು.

ಡಿಗ್ರಿ ಓದಿದ ಹುಡುಗರು ಒಬ್ಬರಾದ ಮೇಲೊಬ್ಬರು ಬಂದರು. ಭುಜ ಹಿಡಿಯಿತು ಎಂದರು, ಬಿಟ್ಟುಹೋದರು. ವೀರು ಬೀರವ್ವನ ಮುಂಗೈ ನೋಡಿದ.

“ಕುಟ್ಟಿ ಬೀಸಿದ ಕೈ ಐತಿ ಇದು. ನೀನ ಕುಲುಕು,” ಅಂದ.

“ಕೈಗವಸ ಕೊಡ್ರಿ ಸರ.”

“ಇದ್ದದ್ದು ಒಂದ ಜೋಡಿ. ನಿನ್ನ ಕೈಗೆ ಏನ ಆಗ್ತೈತಿ? ಆಗೂದೆಲ್ಲಾ ಆಗಿಹೋಗೇತಿ.”

ಲ್ಯಾಬಿನ ಮೂಲೆಯಲ್ಲಿ ಕುಡಿಯುವ ನೀರಿನ ಕ್ಯಾನು ಇತ್ತು. ಅದರ ನಳ ಅವಳು ಮುಟ್ಟುವಂತಿರಲಿಲ್ಲ. ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಮೊದಲ ದಿನ ಅವಳು ಕೈ ಚಾಚಿದಾಗ ವೀರು ಕುರ್ಚಿ ಬಿಟ್ಟು ಓಡಿ ಬಂದು, “ತಡಿ ತಡಿ, ನಾ ಹಾಕ್ತೀನಿ,” ಎಂದು ಮೇಲಿನಿಂದ ಅವಳ ಬೊಗಸೆಗೆ ಸುರಿದ. ಅಷ್ಟು ಉಪಚಾರ ಅವಳಿಗೆ ಜನ್ಮದಲ್ಲಿ ಯಾರೂ ಮಾಡಿರಲಿಲ್ಲ. ಮರುದಿನದಿಂದ ಅವಳು ಮನೆಯಿಂದಲೇ ವರತಿ ನೀರು ತುಂಬಿಕೊಂಡು ಬಂದಳು. ನಾಲ್ಕು ತಾಲೂಕಿನ ವಿಷ ಅವಳು ಮುಟ್ಟಬಹುದು. ನೀರು ಮುಟ್ಟಬಾರದು.

ಆಡು ಸತ್ತ ಮೇಲೆ ಕೇರಿಯವರು ಪಂಚಾಯ್ತಿಗೆ ಅರ್ಜಿ ಕೊಟ್ಟರು. ಅರ್ಜಿ ಸುತ್ತಿ ಸುತ್ತಿ ಇದೇ ಲ್ಯಾಬಿಗೆ ಬಂತು. ವೀರು ಒಂದು ಕಂದು ಗಾಜಿನ ಬಾಟಲಿ ಬೀರವ್ವನ ಕೈಗೆ ಕೊಟ್ಟ.

“ಹೆಂಗೂ ಅಲ್ಲಿಂದ ಬರ್ತಿ. ಬರುವಾಗ ತುಂಬಕೊಂಡ ಬಾ. ನನ್ನ ಗಾಡಿ ಎಣ್ಣಿ ಉಳಿತೈತಿ.”

ಅವತ್ತು ಬೀರವ್ವ ಒಂದು ತಪ್ಪು ಮಾಡಿದಳು. ಕೇರಿಯ ಯಾವ ಹೆಂಗಸಾದರೂ ಅದೇ ತಪ್ಪು ಮಾಡುತ್ತಿದ್ದಳು. ವರತಿಯ ನೀರು ಕೆಸರು. ಅದನ್ನು ಹಾಗೇ ಒಯ್ದು ಗದಗಿನ ಮಂದಿಯ ಮುಂದೆ ಇಟ್ಟರೆ ಏನಂದಾರು? ಇವರು ಇಂಥಾದ್ದು ಕುಡಿಯುತ್ತಾರೆ ಎಂದು ನಗುವುದಿಲ್ಲವೇ? ಬೀಗರು ಬಂದರೆ ಹೇಗೆ ಮಾಡುತ್ತಾರೋ ಹಾಗೆ ಮಾಡಿದಳು. ಸಂಜೆಯೇ ನೀರು ತಂದು ಕೊಡದಲ್ಲಿ ಇಟ್ಟಳು. ಗಸಿ ತಳಕ್ಕೆ ಕೂತ ಮೇಲೆ ಮೇಲಿನ ತಿಳಿಯನ್ನು ನಾಲ್ಕು ಮಡಿಕೆ ಸೀರೆಯಲ್ಲಿ ಸೋಸಿದಳು. ಕನ್ನಡಿಯಂಥ ನೀರು ಬಾಟಲಿಗೆ ತುಂಬಿಕೊಂಡು ಮುಂಜಾನೆಯ ಬಸ್ಸು ಹತ್ತಿದಳು.

ವೀರು ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿದ. ಹಳ್ಳದ ನೀರು ಹೀಗಿರುವುದಿಲ್ಲ ಎಂದು ಅವನಿಗೆ ಗೊತ್ತಿತ್ತು. ಅವನೂ ಅದೇ ಹಳ್ಳ ದಾಟಿ ಮಾವನ ಅಂಗಳಕ್ಕೆ ಹೋಗುವವನು. “ಭಾಳ ಛಲೋ ತಂದಿ,” ಅಂದ. ಅಂಥ ಮಾತು ಅವನು ಅವಳಿಗೆ ಆಡಿದ್ದು ಅದೊಂದೇ ಸಲ. ಎರಡನೆಯ ಸಲವೂ, ಮೂರನೆಯ ಸಲವೂ ಅವಳು ಹಾಗೆಯೇ ಸೋಸಿ ತಂದಳು. ತಾನೇ ಕುಲುಕಿದಳು. ತಾನೇ ಸಹಿ ಹಾಕಿದಳು.

ಚನ್ನಮ್ಮನನ್ನು ಮಣ್ಣು ಮಾಡಿದ ಮೇಲೆ ಕೇರಿಯ ಹೆಂಗಸರು ಖಾಲಿ ಕೊಡ ಹೊತ್ತುಕೊಂಡು ಶಿರಹಟ್ಟಿಗೆ ಹೋಗಿ ಕಚೇರಿಯ ಮೆಟ್ಟಿಲ ಮೇಲೆ ಕುಳಿತರು. ಮೂರು ದಿನ ಕುಳಿತರು. ಮೇಲಿನ ಕಚೇರಿಗೆ ಮುಜುಗರವಾಯಿತು. ಒಂದು ಆದೇಶ ಬಂತು: ವರತಿಯ ನೀರಿನಿಂದ ವಿಷವನ್ನು ಎರಡು ಬೇರೆ ಪದ್ಧತಿಯಿಂದ ತೆಗೆದು ನೋಡಿರಿ, ಅಧಿಕಾರಿಯ ಎದುರಿಗೇ ತೆಗೆಯಿರಿ, ಯಾವ ಪದ್ಧತಿ ಸರಿ ಎಂದು ಬರೆಯಿರಿ, ಅದೇ ಕೊನೆಯ ವರದಿ. ವಿಷ ಇದೆ ಎಂದಾದರೆ ಬ್ಯಾರಲ್ ಅಂಗಳಕ್ಕೆ ಬೀಗ, ಕೇರಿಗೆ ಪೈಪು. ಇಲ್ಲ ಎಂದಾದರೆ ಕಡತ ಮುಚ್ಚುವುದು.

ಒಂದು ಪದ್ಧತಿ ಬೀರವ್ವನ ಕೈ. ಇನ್ನೊಂದಕ್ಕೆ ಬೆರಳುದ್ದದ ಪ್ಲಾಸ್ಟಿಕ್ ನಳಿಗೆ, ಒಳಗೆ ಬಿಳಿ ಪುಡಿ. ಮೊದಲು ನೀರನ್ನು ಕಾಗದದಲ್ಲಿ ಸೋಸಬೇಕು. ಇಲ್ಲದಿದ್ದರೆ ನಳಿಗೆ ಕಟ್ಟಿಕೊಳ್ಳುತ್ತದೆ. ಸೋಸಿದ ನೀರು ನಳಿಗೆಯಲ್ಲಿ ಇಳಿಯುವಾಗ ವಿಷ ಆ ಪುಡಿಗೆ ಅಂಟುತ್ತದೆ. ಆಮೇಲೆ ನಾಲ್ಕು ಹನಿ ಸಾಲ್ವೆಂಟ್‌ನಿಂದ ಅದನ್ನು ಬಿಡಿಸಿಕೊಳ್ಳಬೇಕು. ಭುಜ ನೋಯುವುದಿಲ್ಲ, ನೊರೆ ಬರುವುದಿಲ್ಲ.

ಎರಡನ್ನೂ ತೂಗಿ ನೋಡುವ ಕೆಲಸ ಅಂಕಿತಾಳದು. ಮುಂಡರಗಿಯ ಕಡೆಯ ಹುಡುಗಿ. ಲ್ಯಾಬಿಗೆ ಹೊಸದಾಗಿ ಬಂದಿದ್ದಳು. ಇನ್ನೂ ಪುಸ್ತಕದಲ್ಲಿ ಓದಿದ್ದನ್ನು ನಂಬುತ್ತಿದ್ದಳು. ಆಕೆ ತನ್ನೂರಿನ ಕೆರೆಯಿಂದ ಒಂದು ಡಬ್ಬಿ ಕೆಸರು ತಂದಳು. ವಿಷವಿಲ್ಲದ ಕೆಸರು. ಕ್ಯಾನಿನ ನೀರಿನಲ್ಲಿ ಕದಡಿ, ಅದಕ್ಕೆ ತಾನೇ ಅಳತೆ ಮಾಡಿ ವಿಷ ಬೆರೆಸಿದಳು. ಹಾಕಿದ್ದು ಎಷ್ಟು ಎಂದು ಗೊತ್ತಿದ್ದರೆ, ತಿರುಗಿ ಎಷ್ಟು ಬರುತ್ತದೆ ಎಂದು ನೋಡಬಹುದು.

ಮರುದಿನ ಮಶೀನಿನ ಕಾಗದ ಹಿಡಿದುಕೊಂಡು ನಿಂತಳು. ಮುಖ ಬಾಡಿತ್ತು.

“ಏನಾತ್ರಿ ಮೇಡಮ್ಮಾರ?” ಬೀರವ್ವ ಕೇಳಿದಳು.

“ಬೀರವ್ವಕ್ಕ, ನಾ ನೂರು ಪಾಲು ವಿಷ ಹಾಕಿದ್ದೆ. ಕೆಸರ ಸಮೇತ ನೀವು ಕುಲುಕಿದ್ರಲ್ಲ, ಅದರಾಗ ಎಂಬತ್ತಾರು ಬಂದಾವು. ಸೋಸಿ ನಳಿಗೀಗೆ ಹಾಕಿದ್ದರಾಗ ಹನ್ನೊಂದು.”

“ಉಳದದ್ದು ಎಲ್ಲಿ ಹೋತ್ರಿ?”

“ಸೋಸಿದ ಕಾಗದದ ಮ್ಯಾಲ. ಗಸಿಯೊಳಗ. ಈ ವಿಷ ನೀರಾಗ ನಿಲ್ಲೂದಿಲ್ಲ ಅಕ್ಕ. ಮಣ್ಣು ಸಿಕ್ಕರ ಮಣ್ಣಿಗೆ ಅಂಟ್ಕೊಂತೈತಿ. ಬಾಟ್ಲಿ ಗಾಜಿಗೂ ಅಂಟ್ತೈತಿ. ನಳಿಗಿ ಪದ್ಧತಿ ತಪ್ಪಲ್ಲ. ಸೋಸಿ ಗಸಿ ಒಗಿಯೂದು ತಪ್ಪು. ಗಸಿನೂ ತೊಳದು ಲೆಕ್ಕಕ್ಕ ಹಿಡದ್ರ ಅದೂ ಖರೇನ ಹೇಳ್ತೈತಿ.” ಆಕೆ ಬೀರವ್ವನ ಕಡೆ ತಿರುಗಿದಳು. “ಒಂದ ಮಾತು. ಬಾಟ್ಲಿ ಖಾಲಿ ಆದ ಮ್ಯಾಲ ನೀವು ಸಾಲ್ವೆಂಟ್ ಹಾಕಿ ತೊಳದು ಅದನ್ನೂ ಪಾತ್ರೆಗೆ ಸುರವಿದ್ರಿ. ಅದು ಪುಸ್ತಕದಾಗ ಐತಿ, ಆದ್ರ ಇಲ್ಲಿ ಯಾರೂ ಮಾಡೂದಿಲ್ಲ. ನಿಮಗ ಯಾರು ಹೇಳಿಕೊಟ್ರು?”

ಬೀರವ್ವನಿಗೆ ನಗು ಬಂತು.

“ಅದಕ್ಕೇನ ಸಾಲಿ ಕಲೀಬೇಕೇನ್ರಿ? ನಮ್ಮ ಮನ್ಯಾಗ ಅಡಗಿ ಒಳ್ಳೆಣ್ಣಿ ಬಟ್ಲ ಖಾಲಿ ಆದ್ರ ಬಿಸಿ ರೊಟ್ಟಿ ಹಾಕಿ ಗೋಡಿ ಎಲ್ಲಾ ಒರಸ್ತೀವಿ. ಎಣ್ಣಿ ಕೆಳಗ ಎಲ್ಲಿರ್ತೈತಿ? ಗೋಡಿಗೆ ಇರ್ತೈತಿ. ನೀವು ಉಳ್ಳವರು, ಬಟ್ಲ ಹಂಗ ತೊಳ್ಯಾಕ ಹಾಕ್ತೀರಿ.”

ಅಂಕಿತಾಳೂ ನಕ್ಕಳು. ಬೀರವ್ವ ಸೋಸಿದ ಕಾಗದಗಳನ್ನು ಕಸದ ಬುಟ್ಟಿಗೆ ಹಾಕಲು ಎತ್ತಿಕೊಂಡಳು. ಎತ್ತಿಕೊಂಡವಳು ಅಲ್ಲೇ ನಿಂತಳು. ಕಾಗದದ ಮೇಲೆ ಕಂದು ಗಸಿ ಹಸಿಯಾಗಿ ಅಂಟಿತ್ತು. ಕಾಗದ ಸೀರೆಯ ಹಾಗೆ ಕಂಡಿತು.

ನಾಲ್ಕು ಮಡಿಕೆ ಸೀರೆ. ಮೂರು ಸಲ.

ಆಮೇಲೆ ಇನ್ನೊಂದು ನೆನಪಾಯಿತು. ಅದು ಬಂದಾಗ ಅವಳು ಗೋಡೆ ಹಿಡಿದು ಕುಳಿತಳು. ಕೇರಿಯ ಮನೆಗಳಲ್ಲಿ ಕೊಡದ ನೀರಿಗೆ ಒಂದು ಸರತಿ ಇದೆ. ಮೇಲಿನ ತಿಳಿ ಗಂಡಸರಿಗೆ, ಬಂದುಹೋಗುವವರಿಗೆ. ನಡುವಿನದು ಮಕ್ಕಳಿಗೆ. ತಳದ್ದು ಸೊಸೆಯಂದಿರಿಗೆ. ಅದನ್ನೂ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಕೊನೆಗೆ ಉಣ್ಣುವವಳು ಕೊನೆಗೆ ಕುಡಿಯುತ್ತಾಳೆ, ಅಷ್ಟೇ. ಮನೆಗೆ ಚನ್ನಮ್ಮ ಸಣ್ಣ ಸೊಸೆ. ಬೀರವ್ವ ದಿನಾ ಮುಂಜಾನೆ ಗದಗಿಗೆ ಹೋಗುವವಳು. ತನ್ನ ಬಾಟಲಿಗೆ ತಿಳಿ ತುಂಬಿಕೊಂಡು ಹೋಗುವವಳು. ಕೊಡದ ತಳ ದಿನಾ ಚನ್ನಮ್ಮನಿಗೆ ಉಳಿಯುತ್ತಿತ್ತು. ಲ್ಯಾಬಿಗೆ ಸೋಸಿ ಒಯ್ದ ದಿನಗಳಲ್ಲೂ ಅವಳು ಗಸಿ ಚೆಲ್ಲಿರಲಿಲ್ಲ. ಒಂದು ತಾಸು ನಡ ಬಗ್ಗಿಸಿ ತಂದ ನೀರು, ಯಾರು ಚೆಲ್ಲುತ್ತಾರೆ? ಇನ್ನೊಂದು ಚರಿಗೆ ಸೇರಿಸಿ ಹಾಗೇ ಇಟ್ಟಿದ್ದಳು. ಚನ್ನಮ್ಮ ಬಾಗಿಸಿಕೊಂಡು ಕುಡಿದಿದ್ದಳು.

“ಅಕ್ಕ, ಏನಾತು? ತಲಿ ತಿರಗತೈತೇನು?”

“ಇಲ್ರಿ,” ಅಂದಳು ಬೀರವ್ವ. “ಮಾತು ಈಗ ತಲ್ಯಾಗ ಕೂತೈತಿ.”

ಅಧಿಕಾರಿ ಬರುವ ದಿನ ಗೊತ್ತಾಯಿತು. ಆ ಮುಂಜಾನೆ ಬೆಳಕು ಹರಿಯುತ್ತಲೇ ಬೀರವ್ವ ಎರಡು ಲೀಟರಿನ ಕಂದು ಬಾಟಲಿ ಹಿಡಿದು ಹಳ್ಳಕ್ಕೆ ಇಳಿದಳು. ಈ ಸಲ ತಿಳಿಗೆ ಕಾಯಲಿಲ್ಲ. ಚರಿಗೆಯ ಅಂಚಿನಿಂದ ವರತಿಯ ತಳ ಕೆದರಿದಳು. ಕೇರಿಯ ಹೆಂಗಸರು ಅವಸರದಲ್ಲಿ ಮೊಗೆಯುವಾಗ ಏಳುವಷ್ಟೇ ಕೆಸರು ಎದ್ದಿತು. ಹಾಗೇ ಕತ್ತಿನ ತನಕ ತುಂಬಿದಳು.

ಅವಳ ಮಾವ, ಗಂಡನ ಅಪ್ಪ ಮೈಲಾರಪ್ಪ ಆಡು ಹೊಡೆದುಕೊಂಡು ದಂಡೆಗೆ ಬಂದಿದ್ದ. ನೋಡಿ ಕೋಲು ಊರಿ ನಿಂತ.

“ಏನವಾ ಇದು? ಕೆಸರು ಒಯ್ತೀ? ನಾಕ ಮಂದಿಯಾಗ ನಮ್ಮ ಮಾನ ಕಳೀತೀ?”

“ಮಾನ ಸೋಸಿ ಸೋಸಿ ಒಯ್ದೆ ಮಾವ, ಮೂರ ಸಲ. ಅದಕ್ಕ ಒಂದು ಹೆಣ ಬಿತ್ತು.”

“ಹಂಗಂದ್ರ?”

“ಹಂಗಂದ್ರ, ನೀನು ತಿಳಿ ಕುಡದಿ, ಬದಕಿ. ನಿನ್ನ ಸಣ್ಣ ಸೊಸಿ ತಳ ಕುಡದಳು, ಹೋದಳು. ವಿಷ ಎಲ್ಲಾ ತಳದಾಗ ಐತಂತ.”

ಮೈಲಾರಪ್ಪ ಕೋಲು ಕೆಳಗಿಟ್ಟ. ವರತಿಯ ಬಾಯಿಗೆ ಬಂದು ಕುಂತ. ಮುದಿ ಕೈಯಿಂದ ಒಂದು ಬೊಗಸೆ ಕೆಸರು ಎತ್ತಿ ಮೂಸಿ ನೋಡಿದ. ಆಮೇಲೆ ಬಾಟಲಿಯ ಬಿರಡೆಯನ್ನು ತಾನೇ ಬಿಗಿ ಮಾಡಿ ಕೊಟ್ಟ.

“ಬಸ್ಸಿನ್ಯಾಗ ತೊಡಿ ಮ್ಯಾಲ ಇಟ್ಕೊ,” ಅಂದ. “ಕೆಳಗ ಇಡಬ್ಯಾಡ.”

ಲ್ಯಾಬಿನಲ್ಲಿ ಉಳವಪ್ಪ ಆಗಲೇ ಬಂದು ಕುಳಿತಿದ್ದ. ಬಿಳಿ ಅಂಗಿ, ಹಣೆಯ ಮೇಲೆ ವಿಭೂತಿ. ಮುಂದೆ ಚಹಾ. ಬೀರವ್ವ ಬಾಟಲಿ ಮೇಜಿನ ಮೇಲೆ ಇಟ್ಟಳು. ವೀರು ಅದನ್ನು ಕಿಟಕಿಯ ಬೆಳಕಿಗೆ ಹಿಡಿದ. ಅವನ ಹುಬ್ಬು ಗಂಟಾಯಿತು.

“ಏನ ಇದು? ಎಮ್ಮಿ ಮೈ ತೊಳದ ನೀರ ತಂದಿಯೇನ?”

“ವರತಿ ನೀರ್ರಿ ಸರ. ನಾವು ಕುಡಿಯೂದು ಇದನ್ನ.”

ಉಳವಪ್ಪ ಬಸಿಯಲ್ಲಿ ಚಹಾ ಸುರುವಿಕೊಂಡ.

“ನಿಮ್ಮ ಮಂದಿ ಹಿಂಗ ಕೆಸರು ಕುಡದ್ರ ಜಡ್ಡು ಬರದ ಇರ್ತೈತೇನ? ಸೋಸಿ ಕುಡೀರಿ ಅಂದ್ರ ಕೇಳೂದಿಲ್ಲ. ಸತ್ತ ಮ್ಯಾಲ ಬ್ಯಾರಲ್ಲ ಮ್ಯಾಲ ಹಾಕೂದು.”

“ಸೋಸಿದ ಗಸಿ ಎಲ್ಲಿ ಚೆಲ್ಲೂನ್ರಿ ಸಾವ್ಕಾರ್ರ? ಹಳ್ಳದಾಗನ? ನಾಳಿಗಿ ಮತ್ತ ಅದನ್ನ ಮೊಗಿಯಾಕ?”

“ಲೇ ವೀರು, ನಿನ್ನ ಬಾಟ್ಲಿ ತೊಳಿಯಾಕಿ ಮಾತ ಕಲತಾಳಲ್ಲೋ.”

“ಇಲ್ಲೇ ಕಲತೇನ್ರಿ,” ಅಂದಳು ಬೀರವ್ವ.

ವೀರು ಅವಳನ್ನು ತೊಟ್ಟಿಯ ಹತ್ತಿರ ಕರೆದ. ದನಿ ಸಣ್ಣ ಮಾಡಿದ. ಅವನು ದನಿ ಸಣ್ಣ ಮಾಡುವುದು ಎರಡೇ ಸಲ, ಬೇಡುವಾಗ ಮತ್ತು ಬೆದರಿಸುವಾಗ. ಅವತ್ತು ಎರಡೂ ಇದ್ದವು.

“ನೋಡ ಬೀರವ್ವ. ಸಾಹೇಬ್ರು ಇನ್ನ ಅರ್ಧ ತಾಸಿನ್ಯಾಗ ಬರ್ತಾರ. ಬಾಟ್ಲಿ ಅಲ್ಲೇ ಇರ್ಲಿ, ಅಲಗಾಡಸಬ್ಯಾಡ. ಗಸಿ ಕೂಡ್ಲಿ. ಅವರು ಬಂದ ಮ್ಯಾಲ ಮ್ಯಾಲಿನ ತಿಳಿ ಅರ್ಧ ಕುಲುಕೂ ಪಾತ್ರೆಗೆ ಹಾಕು, ಅರ್ಧ ನಳಿಗೀಗೆ ಹಾಕು. ಗಸಿ ತೊಟ್ಟಿಗೆ ಚೆಲ್ಲಿಬಿಡು. ಬಾಟ್ಲಿ ನೀರಿಲೆ ತೊಳದು ಬೋರಲ ಹಾಕು. ಹಾಳಿ ಮ್ಯಾಲ ಸಹಿ ಮಾಡು. ಆತು. ಮುಂದಿನ ತಿಂಗಳದಿಂದ ನೀನು ಕಾಯಂ.”

ಬೀರವ್ವನಿಗೆ ತಿಳಿಯಿತು. ಎರಡೂ ಪದ್ಧತಿಗೆ ತಿಳಿ ಹಾಕಿದರೆ ಎರಡೂ ಸೊನ್ನೆಯ ಹತ್ತಿರವೇ ಹೇಳುತ್ತವೆ. ಎರಡೂ ತಾಳೆಯಾದವು, ನೀರು ಯೋಗ್ಯ ಎಂದು ನಾಲ್ಕನೆಯ ಕಾಗದ ಬರೆಯಬಹುದು. ಆಮೇಲೆ ಯಾರೂ ಕೇಳುವಂತಿಲ್ಲ.

“ಚೆಲ್ಲಲಿಲ್ಲ ಅಂದ್ರ?”

“ನಾಳಿಂದ ಬರಬ್ಯಾಡ. ಲಕ್ಷ್ಮೇಶ್ವರ ಪ್ಯಾಟ್ಯಾಗ ಯಾರೂ ನಿನಗ ಕಸ ಹೊಡಿಯಾಕ ಸೈತ ಕರೆಯೂದಿಲ್ಲ. ನಿನ್ನ ಮೈದುನ ನಮ್ಮ ಮಾವನ ಅಂಗಳದಾಗ ಬ್ಯಾರಲ್ ತಿಕ್ಕತಾನ ಹೌದಿಲ್ಲೋ? ಅವನ್ನೂ ನೆನಸ್ಕೋ.”

ಬೀರವ್ವ ಅಂಕಿತಾಳ ಕಡೆ ನೋಡಿದಳು.

“ಮೇಡಮ್ಮಾರ, ನೀವು ಹೇಳ್ರಿ. ಹನ್ನೊಂದು, ಎಂಬತ್ತಾರು. ಹೇಳ್ರಿ ಇವರಿಗೆ.”

ಅಂಕಿತಾ ನೆಲ ನೋಡಿದಳು. ಆ ನೆಲವನ್ನು ದಿನಾ ಒರೆಸುವವಳು ಬೀರವ್ವ. ಅಲ್ಲಿ ನೋಡುವಂಥದ್ದು ಏನೂ ಇರಲಿಲ್ಲ.

“ಸರ್ ಹೇಳಿದಂಗ ಮಾಡ್ರಿ ಅಕ್ಕ,” ಅಂದಳು ಹುಡುಗಿ. ದನಿ ಕೇಳಿಸಲಿಲ್ಲ, ತುಟಿ ಅಲುಗಿದ್ದು ಕಂಡಿತು.

ಅರ್ಧ ತಾಸಿಗೆ ಕೆಳಗೆ ಜೀಪು ನಿಂತ ಸದ್ದು. ವೀರು ಬುಷ್ ಕೋಟಿನ ಗುಂಡಿ ಹಾಕಿಕೊಂಡ. ಅಧಿಕಾರಿ ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತ ಬಂದ. ಬಂದವನೇ ಗಡಿಯಾರ ನೋಡಿದ. ಹಿಂದಿನವನ ಕೈಯಲ್ಲಿ ಹಾಳೆ ಇತ್ತು. ಉಳವಪ್ಪ ಎದ್ದು ಕುರ್ಚಿ ಬಿಟ್ಟುಕೊಟ್ಟ. ವೀರು ಕ್ಯಾನಿನಿಂದ ನೀರು ತುಂಬಿ ಗ್ಲಾಸು ಕೊಟ್ಟ. ಅಧಿಕಾರಿ ಗಟಗಟ ಕುಡಿದ.

“ಜಲ್ದಿ ಮುಗಸ್ರಿ. ಇನ್ನ ಮುಂಡರಗಿ ಮಟಾ ಹೋಗಬೇಕು ನಾ.”

“ಐದ ನಿಮಿಷ ಸರ್. ಕುಲುಕೂ ಪದ್ಧತಿ ಹಳೇದು. ಇಂಥಾ ನೀರಿಗೆ ನೊರಿ ಬರ್ತೈತಿ, ದಿನಗಟ್ಲೆ ಹಿಡೀತೈತಿ. ನಳಿಗಿ ಪದ್ಧತಿ ಹೊಸಾದು, ಸ್ವಚ್ಛ. ಎರಡಕ್ಕೂ ಒಂದ ಬಾಟ್ಲಿ ನೀರು ಹಾಕಿ ತೋರಸ್ತೀವಿ. ಎರಡೂ ತಾಳಿ ಆಗ್ತಾವು, ನೀವ ನೋಡ್ರಿ.” ಅವನು ಇದ್ದ ಒಂದು ಜೋಡಿ ಕೈಗವಸು ಏರಿಸಿಕೊಂಡು ತಿರುಗಿದ. ನಗುತ್ತಿದ್ದ. “ಬೀರವ್ವಾ, ಬಾಟ್ಲಿ ತಗೊ. ನಿಧಾನ. ತಿಳಿ ಹಾಕು.”

ಬೀರವ್ವ ಮೇಜಿನ ಹತ್ತಿರ ಹೋದಳು. ಅರ್ಧ ತಾಸಿನಲ್ಲಿ ಗಸಿ ಕೂತಿತ್ತು. ಮೇಲೆ ತಿಳಿ ನಿಂತಿತ್ತು. ಕನ್ನಡಿಯಂಥ ತಿಳಿ. ಗಂಡಸರ ನೀರು. ಬೀಗರ ನೀರು. ಕಾಗದದ ನೀರು. ತಳದಲ್ಲಿ ಎರಡು ಬೆರಳು ದಪ್ಪ ಕಂದು ಗಸಿ. ಅದು ಚನ್ನಮ್ಮನದು.

ಬಿರಡೆ ಬಿಗಿಯಾಗಿದೆಯೇ ಎಂದು ನೋಡಿದಳು. ಮಾವ ಬಿಗಿ ಮಾಡಿದ್ದ. ಎರಡೂ ಕೈಯಿಂದ ಬಾಟಲಿ ಎತ್ತಿದಳು. ಬೋರಲು ಮಾಡಿದಳು. ಕುಲುಕಿದಳು.

ಗಸಿ ಎದ್ದಿತು. ತಿಳಿ ಸತ್ತಿತು. ಬಾಟಲಿ ತುಂಬ ಕೆಸರು.

“ಏ! ಏನ ಮಾಡಾಕತ್ತಿ?” ವೀರುವಿನ ನಗು ಇನ್ನೂ ಮುಖದ ಮೇಲೇ ಇತ್ತು, ತೆಗೆಯುವುದು ಮರೆತುಹೋಗಿತ್ತು.

“ತಿಳಿ ಇಲ್ರಿ ಸರ.”

“ಯಾರಿಕಿ?” ಅಧಿಕಾರಿ ಕೇಳಿದ.

“ಬಾಟ್ಲಿ ತೊಳಿಯಾಕಿ ಸರ್. ಏನೂ ತಿಳಿಯೂದಿಲ್ಲ,” ಅಂದ ವೀರು. “ಬೀರವ್ವಾ, ಕೆಳಗ ಇಡು. ಕೂಡ್ಲಿ ಅದು. ಸಾಹೇಬ್ರು ಕಾಯ್ತಾರ.”

ಬೀರವ್ವ ನಿಲ್ಲಿಸಲಿಲ್ಲ. ನಿಲ್ಲಿಸಿದರೆ ಕೂರುತ್ತದೆ. ಮೇಲೆ, ಕೆಳಗೆ. ಮೇಲೆ, ಕೆಳಗೆ. ಎರಡು ವರ್ಷ ನಾಲ್ಕು ತಾಲೂಕಿನ ನೀರು ಕುಲುಕಿದ ತೋಳು. ಇದೇ ಕಟ್ಟಡದಲ್ಲಿ ಪಳಗಿದ ತೋಳು.

“ಸಾಹೇಬ್ರ,” ಅಂದಳು, ಕೈ ಬಿಡದೆ. “ಈ ಕೇರಿ ನೀರು ಮೂರ ಸಲ ಛಲೋ ಐತಿ ಅಂತ ಬರದ್ರಲ್ಲ, ಮೂರೂ ಸಲ ತಂದಾಕಿ ನಾನ. ಸೀರ್ಯಾಗ ಸೋಸಿ ತಂದಿದ್ದೆ. ನಾಚಿಗಿ ಆಗಿ ಸೋಸಿದ್ದೆ. ವಿಷ ಸೀರಿಗೆ ಉಳೀತು. ಕಾಗದಕ್ಕ ಬರಲಿಲ್ಲ. ನಮ್ಮ ಚನ್ನಮ್ಮ ಗಸಿ ಕುಡದ ಸತ್ತಳು. ಇವತ್ತ ಸೋಸಿಲ್ಲ. ಇದನ್ನ ಹಿಂಗ ಹಾಕ್ರಿ, ಗಸಿ ಸಮೇತ. ಬಾಟ್ಲಿ ಗೋಡಿ ತೊಳದು ಅದನ್ನೂ ಹಾಕ್ರಿ. ಆಮ್ಯಾಲ ಏನ ಬರೀತೀರಿ ಬರೀರಿ.”

ಅಧಿಕಾರಿ ವೀರುವಿನ ಮುಖ ನೋಡಿದ. ಉಳವಪ್ಪನ ಮುಖ ನೋಡಿದ. ಗಡಿಯಾರ ನೋಡಿದ.

“ಕಸಗೋ ಲೇ ವೀರು! ಏನ ನೋಡ್ಕೊಂತ ನಿಂತಿ?” ಉಳವಪ್ಪನ ಬಸಿಯಿಂದ ಚಹಾ ಅಂಗಿಯ ಮೇಲೆ ಚೆಲ್ಲಿತು.

ವೀರು ಎರಡು ಹೆಜ್ಜೆ ಬಂದ. ಕೈ ಚಾಚಿದ. ಚಾಚಿದ ಕೈ ನಡುದಾರಿಯಲ್ಲಿ ನಿಂತಿತು. ಕಸಿದುಕೊಳ್ಳಬೇಕಾದರೆ ಅವಳನ್ನು ಮುಟ್ಟಬೇಕು.

ಬೀರವ್ವ ಅವನ ಕೈ ನೋಡಿದಳು. ಆ ಕೈಯಲ್ಲಿ ಕೈಗವಸು ಇತ್ತು.

ಅವಳ ಭುಜ ಉರಿಯುತ್ತಿತ್ತು. ಸುಲಿದ ಬೆರಳುಗಳು ಗಾಜಿಗೆ ಅಂಟಿದ್ದವು. ಬೆವರು ಕಣ್ಣಿಗೆ ಇಳಿಯಿತು, ಒರೆಸಿಕೊಳ್ಳಲು ಕೈ ಖಾಲಿ ಇರಲಿಲ್ಲ. ಅಂಕಿತಾ ತಲೆ ಎತ್ತಿದ್ದಳು. ಬಾಟಲಿಯೊಳಗೆ ಹಳ್ಳ ತಿರುಗುತ್ತಿತ್ತು.

“ನಿನ್ನ ಕೈ ಎಷ್ಟೊತ್ತ ನಡೀತೈತಿ?” ವೀರು ಹಲ್ಲು ಕಚ್ಚಿ ಕೇಳಿದ. “ಸಂಜೀ ಮಟಾ ಕುಲುಕ್ತೀ? ಸೋತ ಮ್ಯಾಲ ಇಡಬೇಕು ಹೌದಿಲ್ಲೋ? ಕೆಳಗ ಇಡು ಅಂದ್ರ ಇಡು.”

“ಇಡೂದಿಲ್ಲ,” ಅಂದಳು ಬೀರವ್ವ.